ನೆತ್ತಿಯ ಮೇಲೆ ಮಖೆ, ಮರದ ಹಿಂದೆ ಧ್ರುವ: ಇರುಳಾಕಾಶದ ಬೆರಗಿನ ಸುತ್ತ ಒಂದು ಸಮೀಕ್ಷೆ

ತಿಪಟೂರು ಸೀಮೆಯಲ್ಲಿ ತೆಂಗಿನ ತೋಟದ ನಡುವೆ ನಿಂತವರಿಗೆ ಧ್ರುವ ನಕ್ಷತ್ರ ಸಿಗುವುದು ಕಷ್ಟ. ಊರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಧ್ರುವನೂ ಬಡಗಣ ದಿಗಂತದಿಂದ ಏರುವುದು ಅಷ್ಟೇ ಎತ್ತರಕ್ಕೆ. ತೋಳು ಚಾಚಿ ಹಿಡಿದ ಮುಷ್ಟಿಗಿಂತ ತುಸು ಮೇಲೆ. ಐವತ್ತು ಅಡಿಯ ಮರವೊಂದು ನೂರೆಂಬತ್ತು ಅಡಿ ದೂರದಲ್ಲಿದ್ದರೂ ಅವನನ್ನು ಮರೆಮಾಡಲು ಸಾಕು. ಮರದಿಂದ ಮರಕ್ಕೆ ಮೂವತ್ತಡಿ ಬಿಟ್ಟು ನೆಟ್ಟ ತೋಟದಲ್ಲಿ ಕೇಳುವುದೇ ಬೇಡ. ತೋಟ ಬಿಟ್ಟುಕೊಡುವುದು ನೆತ್ತಿಯನ್ನು ಮಾತ್ರ. ಗರಿಗಳ ನಡುವಿನ ಆ ಕಿಂಡಿಯಲ್ಲಿ ಜನವರಿ ನಡುವಿನ ರಾತ್ರಿ ಒಂಬತ್ತರ ಸುಮಾರಿಗೆ ಕೆಂಪಗೆ ರೋಹಿಣಿ ಹಾಯುತ್ತದೆ, ಮಾರ್ಚ್ ಕೊನೆಯಲ್ಲಿ ಹತ್ತರ ಸುಮಾರಿಗೆ ಮಖೆ. ಮಖೆಯಂತೂ ಈ ಊರುಗಳ ನೆತ್ತಿಯಿಂದ ಒಂದೂವರೆ ಡಿಗ್ರಿಯೂ ಆಚೀಚೆ ಹೋಗುವುದಿಲ್ಲ.

ಅದನ್ನು ನೋಡುವವರು ಯಾರು? ಖಗೋಳ ಆಸಕ್ತರಲ್ಲ. ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟಿಗಾಗಿ ಕಾದು, ಮೋಟರ್ ಹಾಕಿ, ಮಡೆಯಿಂದ ಮಡೆಗೆ ನೀರು ತಿರುವುತ್ತಾ ಕುಳಿತ ರೈತರು. ಮನುಷ್ಯ ಆಕಾಶ ನೋಡಿ ಬೆರಗಾಗುವುದೇಕೆ, ಆ ಬೆರಗು ಹುಟ್ಟುಗುಣವೋ ಕಲಿತದ್ದೋ, ತಿಳಿವಳಿಕೆ ಬಂದಂತೆ ಅದು ಬೆಳೆಯುತ್ತದೋ ಬತ್ತುತ್ತದೋ ಎಂದು ಎರಡೂವರೆ ಸಾವಿರ ವರ್ಷಗಳಿಂದ ಚರ್ಚೆ ನಡೆದಿದೆ. ಅದರಲ್ಲಿ ಈ ನೀರು ಹಾಯಿಸುವವರಿಗೆ ಜಾಗ ಸಿಕ್ಕಿದ್ದು ಕಡಿಮೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನೆಲದಲ್ಲಿ ನಿಂತು ಆ ಚರ್ಚೆಯನ್ನು ನೋಡಿದರೆ ಯಾವ ವಾದ ಎಷ್ಟು ದೂರ ನಡೆಯುತ್ತದೆ ಎಂಬುದು ತಿಳಿಯುತ್ತದೆ.

ಹೊಟ್ಟೆಪಾಡಿನ ವಾದ

ಮೊದಲ ಪಂಥ ನೇರ ಮಾತಿನದು. ಜನ ಮೇಲೆ ನೋಡಿದ್ದು ಉಣ್ಣುವುದಕ್ಕಾಗಿ. ಬಿತ್ತನೆ, ಕೊಯ್ಲು, ಪ್ರಯಾಣ, ಹಬ್ಬಗಳ ಹೊತ್ತು ಗೊತ್ತಾಗಬೇಕಿತ್ತು, ಬೆರಗು ಆಮೇಲೆ ಬಂದ ಅಲಂಕಾರ. ಖಗೋಳ ಶಾಸ್ತ್ರದ ಚರಿತ್ರೆ ಬರೆದ ಡಚ್ ವಿಜ್ಞಾನಿ ಆಂಟನ್ ಪಾನೆಕುಕ್ ಆಕಾಶದ ಜ್ಞಾನವನ್ನು ಸಮಾಜದ ದುಡಿಮೆಗೆ ಕಟ್ಟಿ ನೋಡಿದವರಲ್ಲಿ ಪ್ರಮುಖ. ಗ್ರೀಸಿನ ಹಳೆಯ ಕವಿ ಹೀಸಿಯಡ್ ಕೃತ್ತಿಕೆ ಮೂಡುವುದನ್ನು ಕೊಯ್ಲಿಗೂ ಮುಳುಗುವುದನ್ನು ಉಳುಮೆಗೂ ಗುರುತಾಗಿ ಹೇಳಿದ್ದನ್ನು ಈ ಪಂಥದವರು ಮರೆಯದೆ ಎತ್ತುತ್ತಾರೆ.

ನಮ್ಮಲ್ಲಿ ಇದಕ್ಕೆ ಸಾಕ್ಷಿ ಹುಡುಕಬೇಕಾಗಿಲ್ಲ, ಮಳೆ ನಕ್ಷತ್ರಗಳಿವೆ. ಅಶ್ವಿನಿ, ಭರಣಿಗಳಿಂದ ಹಿಡಿದು ಸ್ವಾತಿ, ವಿಶಾಖದವರೆಗೆ ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಭರಣಿ, ಕೃತ್ತಿಕೆ ಹದಕ್ಕೆ ಬಂದರೆ ಹೆಸರು, ಅಲಸಂದೆ, ಎಳ್ಳು, ಆಮೇಲೆ ರಾಗಿ. ಈ ಭಾಗಕ್ಕೆ ಮಳೆ ಜೋರಾಗಿ ಬೀಳುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಹಾಗಾಗಿ ರಾಗಿಯ ಹಣೆಬರಹ ಬರೆಯುವುದು ಉತ್ತರೆ, ಹಸ್ತ, ಚಿತ್ತೆಗಳೇ. ‘ಈ ಸಲ ಹುಬ್ಬೆ ಕೈಕೊಟ್ಟಿತು’ ಎಂಬ ಮಾತನ್ನು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇಲ್ಲೊಂದು ತಮಾಷೆ ಇದೆ. ಮೃಗಶಿರ ಮಳೆ ಎಂದರೆ ಸೂರ್ಯ ಮೃಗಶಿರದ ಪಾಲಿನಲ್ಲಿರುವ ದಿನಗಳು, ಈಗಿನ ಲೆಕ್ಕಕ್ಕೆ ಜೂನ್ 8ರ ಸುಮಾರಿನಿಂದ. ಸೂರ್ಯ ಅಲ್ಲಿದ್ದಾನೆ ಎಂದರೆ ಆ ನಕ್ಷತ್ರ ಹಗಲಿನ ಬೆಳಕಿನಲ್ಲಿ ಮುಳುಗಿದೆ. ಅದು ಕಾಣುವುದೇ ಇಲ್ಲ. ಆ ರಾತ್ರಿ ರೈತ ತಲೆಯೆತ್ತಿದರೆ ಕಾಣುವುದು, ಮೋಡ ಬಿಟ್ಟರೆ, ಚಿತ್ತೆ ಮತ್ತು ಸ್ವಾತಿ. ನಮ್ಮ ಬೇಸಾಯದ ಇಡೀ ನಕ್ಷತ್ರಮಾಲೆ ಹೀಗೆ ಕಣ್ಣಿಗೆ ಕಾಣದ ನಕ್ಷತ್ರಗಳ ಮಾಲೆ. ಇದನ್ನು ಕಟ್ಟಿದವರು ಬರೀ ನೋಡಿದವರಲ್ಲ. ರಾತ್ರಿ ಕಂಡದ್ದರಿಂದ ಹಗಲಿನಲ್ಲಿ ಅಡಗಿರುವುದು ಯಾವುದೆಂದು ಲೆಕ್ಕ ಹಾಕಿದವರು. ಅದಕ್ಕೆ ಬೇಕಾದ ವರ್ಷಗಟ್ಟಲೆಯ ತಾಳ್ಮೆ ಬರೀ ಹೊಟ್ಟೆಪಾಡಿನಿಂದ ಬಂದೀತೇ? ನನಗೆ ನಂಬಿಕೆ ಇಲ್ಲ. ಮಳೆ ಬಂತೋ ಇಲ್ಲವೋ ತಿಳಿಯಲು ಅಂಗಳಕ್ಕೆ ಕೈ ಚಾಚಿದರೆ ಸಾಕಿತ್ತು.

ಇನ್ನೊಂದು ತೊಡಕೂ ಇದೆ. ನಮ್ಮ ಪಂಚಾಂಗದ ನಕ್ಷತ್ರ ಲೆಕ್ಕ ನಿರಯನದ್ದು, ಎಂದರೆ ಸ್ಥಿರ ನಕ್ಷತ್ರಗಳನ್ನು ಆಧರಿಸಿದ್ದು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನ ತೂಗುವುದರಿಂದ ಈ ಲೆಕ್ಕ ಋತುಗಳಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಜಾರುತ್ತದೆ. ಉತ್ತರಾಯಣ ನಿಜವಾಗಿ ಆರಂಭವಾಗುವುದು ಡಿಸೆಂಬರ್ 21–22ಕ್ಕೆ, ನಾವು ಸಂಕ್ರಾಂತಿಯ ಎಳ್ಳು ಬೀರುವುದು ಜನವರಿ ಮಧ್ಯಕ್ಕೆ. ಈಗ ಜೂನ್ 22ರ ಸುಮಾರಿಗೆ ಹುಟ್ಟುವ ಆರಿದ್ರ ಮಳೆ ಸಾವಿರದೈನೂರು ವರ್ಷಗಳ ಹಿಂದೆ ಜೂನ್ ಆರಂಭದಲ್ಲೇ ಹುಟ್ಟುತ್ತಿತ್ತು. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1 ಎಂಬುದನ್ನು ನೆನೆದರೆ ಕುತೂಹಲ ಹೆಚ್ಚುತ್ತದೆ. ಮೇಘನಾದ ಸಾಹಾ ನೇತೃತ್ವದ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಕೊಟ್ಟು, ಋತುಗಳಿಗೆ ಹೊಂದುವ ರಾಷ್ಟ್ರೀಯ ಪಂಚಾಂಗ 1957ರ ಮಾರ್ಚ್ 22ರಿಂದ ಜಾರಿಗೆ ಬಂತು. ಅದು ಆಕಾಶವಾಣಿಯಲ್ಲೂ ಗೆಜೆಟ್ಟಿನಲ್ಲೂ ಉಳಿಯಿತು. ಹಳ್ಳಿಯ ಗೋಡೆಯ ಮೊಳೆಗೆ ನೇತುಬಿದ್ದಿರುವುದು ಇಂದಿಗೂ ಒಂಟಿಕೊಪ್ಪಲ್ ಪಂಚಾಂಗವೇ.

ಭಯ, ಭಕ್ತಿ, ಕಲ್ಲು

ಎರಡನೆಯ ಪಂಥಕ್ಕೆ ಬೆರಗಿನ ಬೇರು ಭಯದಲ್ಲಿದೆ. ಜರ್ಮನಿಯ ಧರ್ಮಚಿಂತಕ ರುಡಾಲ್ಫ್ ಆಟೊ 1917ರಲ್ಲಿ ಪವಿತ್ರವಾದುದರ ಅನುಭವವನ್ನು ನಡುಕವೂ ಸೆಳೆತವೂ ಒಟ್ಟಿಗೇ ಇರುವ ರಹಸ್ಯವೆಂದು ವಿವರಿಸಿದರು. ಗ್ರಹಣ, ಧೂಮಕೇತು, ಉಲ್ಕೆಗಳ ಮುಂದೆ ಮನುಷ್ಯ ಹೆದರುತ್ತಾನೆ, ಆದರೆ ನೋಡದೆ ಇರಲಾರ.

ಈ ವಾದಕ್ಕೆ ಬೇಕಾದ ಕಡತ ನಮ್ಮಲ್ಲಿ ಕಲ್ಲಿನಲ್ಲೇ ಇದೆ. ಬಿ.ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳದ್ದು. ಕನ್ನಡ ನಾಡಿನ ದಾನಶಾಸನಗಳಲ್ಲಿ ಸೂರ್ಯಗ್ರಹಣ, ಸೋಮಗ್ರಹಣ, ಸಂಕ್ರಮಣ, ವ್ಯತೀಪಾತಗಳಂದು ಭೂಮಿ ಬಿಟ್ಟುಕೊಟ್ಟ ದಾಖಲೆ ಮತ್ತೆ ಮತ್ತೆ ಬರುತ್ತದೆ. ಕೆರೆ ಏರಿಯ ಮೇಲೋ ಗುಡಿಯ ಬಾಗಿಲಲ್ಲೋ ನಿಂತ ಶಾಸನದ ಕಲ್ಲನ್ನು ಹತ್ತಿರದಿಂದ ನೋಡಿ: ತುದಿಯಲ್ಲಿ ಸಾಮಾನ್ಯವಾಗಿ ಒಂದು ಪೂರ್ತಿ ಬಿಲ್ಲೆ, ಪಕ್ಕದಲ್ಲಿ ಬಾಗಿದ ಚಂದ್ರ. ಸೂರ್ಯ ಚಂದ್ರರಿರುವ ತನಕ ಈ ದಾನ ನಡೆಯಲಿ ಎಂಬುದು ಅದರ ಅರ್ಥ. ಇಲ್ಲಿ ಆಕಾಶ ಬೆದರಿಸುತ್ತಿಲ್ಲ, ಸಾಕ್ಷಿಗೆ ನಿಂತಿದೆ. ಸಬ್ ರಿಜಿಸ್ಟ್ರಾರ್ ಕಚೇರಿ ಇಲ್ಲದ ಕಾಲದ ಸಾಕ್ಷಿ. ಅಂದು ಕೆತ್ತಿದ ಗ್ರಹಣಗಳನ್ನು ಇಂದಿನ ಲೆಕ್ಕದೊಂದಿಗೆ ಹೋಲಿಸಿ ನೋಡುವ ಕೆಲಸವನ್ನು ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ನಿರ್ದೇಶಕರಾಗಿದ್ದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಮಾಡಿದ್ದಾರೆ. ಭಕ್ತಿಯಿಂದ ಕೊರೆದ ಅಕ್ಷರ ವಿಜ್ಞಾನಕ್ಕೆ ದತ್ತಾಂಶವಾದದ್ದು ಹೀಗೆ.

ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋಗಿ ಕಲ್ಲೇಶ್ವರ ಗುಡಿಯ ಮಂಟಪದಲ್ಲಿ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಬೇಕು. ಒಂಬತ್ತನೆಯ ಶತಮಾನದ, ಗಂಗ–ನೊಳಂಬರ ಕಾಲದ ಕೆಲಸ. ಭುವನೇಶ್ವರಿ ಎಂಬ ಕೆತ್ತನೆ ಚಾವಣಿಯ ನಡುವೆ ಕುಣಿಯುವ ಶಿವ, ಸುತ್ತ ತಮ್ಮ ತಮ್ಮ ವಾಹನಗಳೊಂದಿಗೆ ಎಂಟು ದಿಕ್ಪಾಲಕರು. ಇಂದ್ರನ ದಿಕ್ಕು ಯಾವುದು, ವರುಣನದು ಯಾವುದು ಎಂದು ಗುರುತಿಸುತ್ತಾ ಹೋದರೆ ಹೊರಗಿನ ದಿಕ್ಕುಗಳು ತಲೆಯ ಮೇಲೆ ಹಾಸಿಕೊಳ್ಳುತ್ತವೆ. ನಕ್ಷತ್ರಗಳಿಲ್ಲ ನಿಜ. ಆದರೆ ಕೆಳಗೆ ನಿಂತವರು ತಲೆಯೆತ್ತಲೇಬೇಕು ಎಂದು ನಿರ್ಧರಿಸಿ ಚಾವಣಿಗೆ ಅತ್ಯುತ್ತಮ ಕೆತ್ತನೆ ಇಟ್ಟವರಿಗೆ ಮೇಲ್ಮುಖ ನೋಟದ ಗುಣ ಗೊತ್ತಿತ್ತು. ಇದರಲ್ಲಿ ನಡುಕ ಹುಡುಕುವುದು ವ್ಯರ್ಥ. ಆ ಶಿಲ್ಪದಲ್ಲಿರುವುದು ಲಯ, ಸಡಗರ. ಭಯದ ಪಂಥ ಗ್ರಹಣಕ್ಕೆ ಸರಿ, ಅರಳಗುಪ್ಪೆಗೆ ಸಾಲದು.

ತತ್ತ್ವಜ್ಞಾನಿಗಳು, ಲಾಕ್ಷಣಿಕರು

ಮೂರನೆಯವರು ಬೆರಗನ್ನು ಬುದ್ಧಿಯ ಮೊದಲ ಮೆಟ್ಟಿಲೆಂದರು. ಅರಿಸ್ಟಾಟಲನ ಪ್ರಕಾರ ಜನ ಹತ್ತಿರದ ಒಗಟುಗಳಿಂದ ಶುರುಮಾಡಿ ಚಂದ್ರ, ಸೂರ್ಯ, ನಕ್ಷತ್ರಗಳವರೆಗೆ ಅಚ್ಚರಿಪಡುತ್ತಾ ಹೋದರು. ತತ್ತ್ವಚಿಂತನೆ ಹುಟ್ಟಿದ್ದು ಅಲ್ಲಿ. ಆಕಾಶ ನೋಡುತ್ತಾ ಬಾವಿಗೆ ಬಿದ್ದ ಥೇಲ್ಸನನ್ನು ಕಂಡು ಕೆಲಸದ ಹುಡುಗಿ ನಕ್ಕ ಕಥೆಯನ್ನು ಹೇಳಿದ್ದು ಪ್ಲೇಟೊ. ಕಾಂಟ್ 1788ರಲ್ಲಿ ತಲೆಯ ಮೇಲಿನ ತಾರಾಗಣವನ್ನು ಒಳಗಿನ ನೀತಿಯ ಜೊತೆಗಿಟ್ಟ. ಅರ್ಥಶಾಸ್ತ್ರದ ಆಡಂ ಸ್ಮಿತ್ ಖಗೋಳದ ಚರಿತ್ರೆಯ ಮೇಲೂ ಪ್ರಬಂಧ ಬರೆದಿದ್ದಾನೆ. ಅವನಿಗೆ ಬೆರಗು ಒಂದು ಕಸಿವಿಸಿ. ಬಿಡಿಬಿಡಿಯಾಗಿ ಕಂಡದ್ದನ್ನು ಜೋಡಿಸಿಕೊಟ್ಟು ಮನಸ್ಸನ್ನು ಸಮಾಧಾನಪಡಿಸುವುದೇ ಶಾಸ್ತ್ರದ ಕೆಲಸ.

ನಮ್ಮ ಲಾಕ್ಷಣಿಕರು ಇದಕ್ಕೆ ಎದುರು ನಿಲ್ಲುತ್ತಾರೆ. ನಾಟ್ಯಶಾಸ್ತ್ರದ ಭರತ ಹೇಳುವ ಅದ್ಭುತ ರಸಕ್ಕೆ ಸ್ಥಾಯಿಭಾವ ವಿಸ್ಮಯ. ಅದನ್ನು ಶಮನ ಮಾಡುವ ಆತುರ ಅವರಿಗಿಲ್ಲ, ಸವಿಯುವುದೇ ಗುರಿ. ಒಂದು ಸಂಗತಿ ಮಾತ್ರ ನನ್ನನ್ನು ಕಾಡುತ್ತದೆ. ಅದ್ಭುತ ಹುಟ್ಟಿಸುವ ಕಾರಣಗಳೆಂದು ನಾಟ್ಯಶಾಸ್ತ್ರ ಕೊಡುವ ಪಟ್ಟಿಯಲ್ಲಿ ದಿವ್ಯಪುರುಷರ ದರ್ಶನ, ಬಯಸಿದ್ದು ಕೈಗೂಡುವುದು, ಉಪವನ, ದೇಗುಲ, ಇಂದ್ರಜಾಲ ಎಲ್ಲವೂ ಇವೆ. ತೋಟ ಇದೆ, ತೋಟದ ಮೇಲಿನ ಇರುಳಾಕಾಶ ಇಲ್ಲ. ದಿನವೂ ಕಾಣುವುದರಿಂದ ರಸ ಹುಟ್ಟದು ಎಂದೇ? ರಂಗದ ಮೇಲೆ ತೋರಿಸಲಾಗದು ಎಂದೇ? ಏನೇ ಇರಲಿ, ಆಕಾಶದ ಬೆರಗು ಎಲ್ಲ ಕಾಲಕ್ಕೂ ಎಲ್ಲರಿಗೂ ತಾನಾಗಿ ಬರುತ್ತದೆ ಎನ್ನುವವರು ಈ ಪಟ್ಟಿಗೆ ಉತ್ತರ ಹೇಳಬೇಕಾಗುತ್ತದೆ.

ಆರು ಕೃತ್ತಿಕೆ, ಏಳು ಅಕ್ಕತಂಗಿಯರು

ಹುಟ್ಟುಗುಣವೋ ಪರಂಪರೆಯೋ ಎಂಬ ಜಗಳ ಅತಿ ಸೊಗಸಾಗಿ ನಡೆದಿರುವುದು ಕೃತ್ತಿಕೆಯ ಮೇಲೆ. ಬರಿಗಣ್ಣಿಗೆ ಹೆಚ್ಚಿನವರಿಗೆ ಆರು ಚುಕ್ಕಿ ಕಾಣುತ್ತವೆ. ನಮ್ಮಲ್ಲಿ ಷಣ್ಮುಖನಿಗೆ ಹಾಲೂಡಿದ ತಾಯಂದಿರೂ ಆರು. ಗ್ರೀಕರೂ ಆಸ್ಟ್ರೇಲಿಯಾದ ಮೂಲನಿವಾಸಿಗಳೂ ಏಳು ಹೆಣ್ಣುಮಕ್ಕಳೆನ್ನುತ್ತಾರೆ, ಒಬ್ಬಳು ಕಾಣೆಯಾದ ಕಥೆಯನ್ನೂ ಹೇಳುತ್ತಾರೆ. ಈಗ ಒತ್ತಾಗಿರುವ ಎರಡು ನಕ್ಷತ್ರಗಳು ಲಕ್ಷ ವರ್ಷದ ಹಿಂದೆ ಬೇರೆಬೇರೆಯಾಗಿ ಕಾಣುತ್ತಿದ್ದವು, ಕಥೆ ಮನುಷ್ಯರು ಆಫ್ರಿಕಾ ಬಿಡುವ ಮುಂಚಿನದಿರಬೇಕು ಎಂದು ರೇ ಮತ್ತು ಬಾರ್ನಬಿ ನಾರಿಸ್ ವಾದಿಸಿದ್ದಾರೆ. ಕೇಳಲು ಚೆಂದ, ಆದರೆ ಒಪ್ಪದವರು ಬಹಳ. ಒಂದೇ ಬಗೆಯ ಕಣ್ಣು ಒಂದೇ ಗೊಂಚಲನ್ನು ನೋಡಿದರೆ ಒಂದೇ ಬಗೆಯ ಕಥೆ ಹುಟ್ಟುವುದಕ್ಕೆ ಅಜ್ಜಿ ಒಬ್ಬಳೇ ಆಗಿರಬೇಕಿಲ್ಲ.

ಪರಂಪರೆ ಕಣ್ಣಿಗೆ ಹೇಗೆ ಬದಲಿಯಾಗಿ ನಿಲ್ಲುತ್ತದೆ ಎಂಬುದನ್ನು ನೋಡಲು ನಮ್ಮ ಮದುವೆಗಳಿಗೆ ಬನ್ನಿ. ವಸಿಷ್ಠ–ಅರುಂಧತಿ ಜೋಡಿಯನ್ನು ಬಿಡಿಸಿ ನೋಡುವುದು ದೃಷ್ಟಿಯ ಪರೀಕ್ಷೆ. ಅದನ್ನು ಹಾಡಹಗಲಲ್ಲಿ, ಕಲ್ಯಾಣ ಮಂಟಪದ ಬಾಗಿಲಲ್ಲಿ, ಶಾಮಿಯಾನದ ಕಡೆಗೆ ಬೆರಳು ಮಾಡಿ ತೋರಿಸುತ್ತಾರೆ. ‘ಕಾಣ್ತೇನಮ್ಮ?’ ಎಂದರೆ ‘ಕಾಣ್ತು’ ಎನ್ನದ ಮದುಮಗಳನ್ನು ನಾನು ನೋಡಿಲ್ಲ.

ಪ್ರಯೋಗಾಲಯದ ಬೆರಗು

2003ರಲ್ಲಿ ಮನಶ್ಶಾಸ್ತ್ರಜ್ಞರಾದ ಡೇಕರ್ ಕೆಲ್ಟ್ನರ್ ಮತ್ತು ಜೊನಾಥನ್ ಹೈಟ್ ಬೆರಗಿಗೆ ಎರಡು ಲಕ್ಷಣ ಹೇಳಿದರು: ಎದುರಿಗಿರುವುದು ಅಗಾಧ ಅನ್ನಿಸಬೇಕು, ಅದು ನಮ್ಮ ತಲೆಯಲ್ಲಿರುವ ಅಳತೆಗೆ ಹಿಡಿಸದೆ ಅಳತೆಯನ್ನೇ ತಿದ್ದಿಕೊಳ್ಳುವಂತೆ ಮಾಡಬೇಕು. 2015ರಲ್ಲಿ ಪಾಲ್ ಪಿಫ್ ತಂಡ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳನ್ನು ಎತ್ತರದ ನೀಲಗಿರಿ ಮರಗಳ ಕೆಳಗೆ ನಿಲ್ಲಿಸಿ ಒಂದು ನಿಮಿಷ ಮೇಲೆ ನೋಡಿಸಿತು. ಇನ್ನು ಕೆಲವರಿಗೆ ಪಕ್ಕದ ಕಟ್ಟಡ ತೋರಿಸಿತು. ಆಮೇಲೆ ಒಬ್ಬ ಬೇಕೆಂದೇ ಪೆನ್ನುಗಳನ್ನು ಚೆಲ್ಲಿದಾಗ ಮರ ನೋಡಿದವರು ಹೆಚ್ಚು ಹೆಕ್ಕಿಕೊಟ್ಟರು. ‘ನಾನು’ ಕುಗ್ಗಿದರೆ ನೆರವಿನ ಕೈ ಚಾಚುತ್ತದೆ ಎಂಬುದು ತೀರ್ಮಾನ.

ಇದಕ್ಕೆ ಬೆಲೆ ಇದೆ, ಮಿತಿಯೂ ಇದೆ. ಒಂದು ನಿಮಿಷ ಮರ ನೋಡಿದ ವಿದ್ಯಾರ್ಥಿಯಿಂದ ಇಡೀ ಮನುಕುಲದ ಬಗ್ಗೆ ಮಾತಾಡುವ ರೂಢಿಯನ್ನು ಮನಶ್ಶಾಸ್ತ್ರಜ್ಞರೇ 2010ರಿಂದೀಚೆ ಗಟ್ಟಿಯಾಗಿ ಪ್ರಶ್ನಿಸಿದ್ದಾರೆ. ಮೂವತ್ತು ವರ್ಷ ಅದೇ ಮರದ ಕೆಳಗೆ ನೀರು ಹಾಯಿಸಿದವರಿಗೆ ಏನಾಗುತ್ತದೆ? ನಿಮಿಷದ ಬೆರಗೂ ಬದುಕಿಡೀ ಜೊತೆಗಿರುವ ಬೆರಗೂ ಒಂದೇ ಅಲ್ಲ. ಎರಡನೆಯದು ಯಾವ ಪ್ರಶ್ನಾವಳಿಗೂ ಸಿಕ್ಕಿದಂತಿಲ್ಲ.

ತಿಳಿದರೆ ಬೆರಗು ಸಾಯುತ್ತದೆಯೇ?

ಕೀಟ್ಸ್ ಕವಿ 1820ರ ‘ಲಾಮಿಯಾ’ದಲ್ಲಿ ಕಾಮನಬಿಲ್ಲನ್ನು ಬಿಡಿಸಿಬಿಟ್ಟರೆಂದು ವಿಜ್ಞಾನದ ಮೇಲೆ ಮುನಿದ, ಮ್ಯಾಕ್ಸ್ ವೇಬರ್ 1917ರಲ್ಲಿ ಆಧುನಿಕತೆ ಜಗತ್ತಿನ ಮೋಡಿಯನ್ನು ಕಳಚುತ್ತದೆ ಎಂದರು. ಕನ್ನಡದಲ್ಲಿ ಈ ವಾದಕ್ಕೆ ಬೆಂಬಲ ಕಡಿಮೆ ಎಂಬುದು ಗಮನಾರ್ಹ. ಶಿವರಾಮ ಕಾರಂತ, ಆರ್.ಎಲ್. ನರಸಿಂಹಯ್ಯ, ಜಿ.ಟಿ. ನಾರಾಯಣ ರಾವ್ ಮುಂತಾದವರು ಆಕಾಶದ ವಿಜ್ಞಾನವನ್ನು ಬೆರಗು ಹೆಚ್ಚಿಸುವ ಸಲುವಾಗಿಯೇ ಬರೆದರು. ತೇಜಸ್ವಿಯವರ ‘ಕರ್ವಾಲೊ’ 1980ರದು. ಅಲ್ಲಿ ವಿಸ್ಮಯ ಹಾರುವ ಓತಿಯದಾದರೂ ಹಟ ಅದೇ.

ಎಚ್. ನರಸಿಂಹಯ್ಯನವರ ದಾರಿ ಇನ್ನೂ ಖಡಕ್. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳ ತನಿಖೆಗೆ ಸಮಿತಿ ಮಾಡಿದ ಅವರಿಗೆ ಪ್ರಶ್ನೆ ಕೇಳದ ಬೆರಗು ಮೋಸಕ್ಕೆ ಬಾಗಿಲು. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಕಾರವಾರ, ಗದಗ, ರಾಯಚೂರುಗಳ ಸೀಮೆಯ ಮೇಲೆ ಹಾದಾಗ ವಿಜ್ಞಾನಿಗಳು ಉಪಕರಣ ಹೂಡಿದರು, ಬಹಳ ಮಂದಿ ಬಾಗಿಲು ಹಾಕಿಕೊಂಡರು. 2019ರ ಡಿಸೆಂಬರ್ 26ರಂದು ಕಾಸರಗೋಡು, ಮಂಗಳೂರು, ಕೊಡಗಿನ ಕಡೆ ಕಂಕಣ ಗ್ರಹಣವಾದಾಗ ಮಕ್ಕಳು ಗ್ರಹಣದ ಕನ್ನಡಕ ಹಿಡಿದು ಮೈದಾನದಲ್ಲಿದ್ದರು. ಅದೇ ಕಾಸರಗೋಡಿನ ಬೇಕಲ ಕೋಟೆಯಿಂದ 1871ರ ಡಿಸೆಂಬರ್ 12ರ ಗ್ರಹಣವನ್ನು ಇಂಗ್ಲೆಂಡಿನ ಖಗೋಳ ವಿಜ್ಞಾನಿ ನಾರ್ಮನ್ ಲಾಕಿಯರ್ ನೋಡಿದ್ದ. ಆದರೂ ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡುವ ಮನೆಗಳು ಕಡಿಮೆಯಾಗಿಲ್ಲ, ಆ ಮನೆಗಳಲ್ಲೇ ಕನ್ನಡಕವೂ ಇದೆ. ಒಂದು ಬಂದರೆ ಇನ್ನೊಂದು ಹೋಗುತ್ತದೆಂಬ ವೇಬರ್ ಲೆಕ್ಕ ಇಲ್ಲಿ ತಾಳೆಯಾಗುವುದಿಲ್ಲ.

ನನ್ನ ಮಟ್ಟಿಗೆ ಜ್ಞಾನ–ಬೆರಗುಗಳ ಜಗಳ ಹಳಸಿದ್ದು. ವರ್ಷಕ್ಕೆ ಎರಡು ದಿನ, ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮೂರನೆಯ ವಾರದಲ್ಲೊಮ್ಮೆ, ಮಧ್ಯಾಹ್ನ ಸೂರ್ಯ ಇಲ್ಲಿ ನೆಟ್ಟಗೆ ನೆತ್ತಿಗೆ ಬರುತ್ತಾನೆ. ನೆಟ್ಟಗಿರುವ ಕಂಬದ ನೆರಳು ಅದರ ಬುಡದೊಳಗೇ ಸೇರಿಹೋಗುತ್ತದೆ. ಕಾರಣ ಗೊತ್ತಿಲ್ಲದವರು ಅದನ್ನು ನೋಡಿಯೇ ಇರುವುದಿಲ್ಲ. ಇಲ್ಲಿ ಬೆರಗಿಗೆ ಮೊದಲು ಬರುವುದು ತಿಳಿವಳಿಕೆ.

ಕತ್ತಲೆಗೆ ಬಂದ ಬರ

ಮೇಲಿನ ಎಲ್ಲ ಪಂಥಗಳೂ ನೋಡುವವನ ಮನಸ್ಸನ್ನು ವಿವರಿಸುತ್ತವೆ. ಆಕಾಶ ಅಲ್ಲೇ ಇದ್ದೇ ಇರುತ್ತದೆ ಎಂದುಕೊಂಡಿವೆ. ಕಳೆದ ಕೆಲವು ದಶಕಗಳಲ್ಲಿ ಆ ನಂಬಿಕೆ ಅಲುಗಾಡಿದೆ. ಜಗತ್ತಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ ಆಕಾಶಗಂಗೆ ಕಾಣುವುದಿಲ್ಲ ಎಂದು 2016ರ ಬೆಳಕು ಮಾಲಿನ್ಯದ ಭೂಪಟ ತೋರಿಸಿತು. ಹವ್ಯಾಸಿಗಳ ಎಣಿಕೆಯನ್ನಾಧರಿಸಿ 2023ರಲ್ಲಿ ಬಂದ ಅಧ್ಯಯನದ ಪ್ರಕಾರ ಇರುಳಾಕಾಶ ವರ್ಷಕ್ಕೆ ಶೇ 9.6ರಂತೆ ಬೆಳಗಾಗುತ್ತಿದೆ. ಆ ಎಣಿಕೆ ಬಹುಪಾಲು ಯೂರೋಪು, ಉತ್ತರ ಅಮೆರಿಕದ್ದು. ನಮ್ಮ ಹಳ್ಳಿಗಳ ಲೆಕ್ಕ ಅದರಲ್ಲಿ ಇಲ್ಲವೆನ್ನುವಷ್ಟು. ಲಡಾಖಿನ ಹಾನ್ಲೆಯನ್ನು 2022ರಲ್ಲಿ ಕತ್ತಲೆಯ ಮೀಸಲು ಪ್ರದೇಶ ಮಾಡಿದರು. ಅಲ್ಲಿಗೆ ಹೋಗಲು ವಿಮಾನದ ಟಿಕೆಟ್ ಬೇಕು.

ಇಲ್ಲಿ ತುಮಕೂರು–ಶಿವಮೊಗ್ಗ ಹೆದ್ದಾರಿಯ ಉದ್ದಕ್ಕೂ ಬೆಳಕು ಹಬ್ಬಿದೆ, ಸರ್ಕಲ್ಲುಗಳಲ್ಲಿ ಹೈಮಾಸ್ಟ್ ದೀಪ ಎದ್ದಿವೆ, ಪಂಚಾಯ್ತಿಯ ಎಲ್‌ಇಡಿ ಬಲ್ಬು ತೋಟದ ಬದಿಯ ಒಂಟಿ ಮನೆಗೂ ಬಂದಿದೆ. ಅದನ್ನು ಆಡಿಕೊಳ್ಳುವುದು ಸುಲಭ. ಚಿರತೆ, ಕರಡಿ ಓಡಾಡುವ ಕಡೆ ಮುಸ್ಸಂಜೆಯ ಮೇಲೆ ಹಾಲು ಹಾಕಿ ಬರುವ ಹೆಂಗಸಿಗೆ ಆಕಾಶಗಂಗೆಗಿಂತ ಆ ಬಲ್ಬು ದೊಡ್ಡದು. ದೀಪಕ್ಕೆ ಮೇಲ್ಮುಚ್ಚಳ ಹಾಕಿ ಬೆಳಕನ್ನು ನೆಲಕ್ಕೆ ಇಳಿಸಬಹುದು, ಖರ್ಚೂ ಹೆಚ್ಚಲ್ಲ. ಆದರೆ ಗ್ರಾಮಸಭೆಯಲ್ಲಿ ಕತ್ತಲೆ ಕೇಳಿ ಅರ್ಜಿ ಕೊಟ್ಟವರನ್ನು ನಾನು ಕಾಣೆ.

ಇತ್ಯರ್ಥವಾಗದೆ ಉಳಿದವು

ಮಳೆ ನಕ್ಷತ್ರದ ಗಾದೆಗಳು ಎಂದಾದರೂ ಮುನ್ಸೂಚನೆ ಕೊಡುತ್ತಿದ್ದವೇ, ಅಥವಾ ಬಿತ್ತನೆಗೆ ನೆನಪಿನ ಗೂಟ ಮಾತ್ರವೇ? ತಾಲ್ಲೂಕುಗಳ ಮಳೆಮಾಪಕದ ಹಳೆಯ ಅಂಕಿಗಳನ್ನು ನಕ್ಷತ್ರವಾರು ವಿಂಗಡಿಸಿ ನೋಡಿದರೆ ಸುಳಿವು ಸಿಕ್ಕೀತು. ಗಾದೆಗಳು ಎಷ್ಟು ಹಳೆಯವು ಎಂಬುದು ತಿಳಿಯದೆ ಜಾರಿಕೆಯ ಲೆಕ್ಕವೂ ಪೂರ್ತಿಯಾಗದು. ಚಿಕ್ಕನಾಯಕನಹಳ್ಳಿ, ಹುಳಿಯಾರು ಕಡೆಯ ಗೊಲ್ಲರ ಹಟ್ಟಿಗಳಲ್ಲಿ ಅವರ ವೀರ ಜುಂಜಪ್ಪನ ಕಾವ್ಯವನ್ನು ವಿದ್ವಾಂಸರು ಸಂಗ್ರಹಿಸಿದ್ದಾರೆ. ಮಂದೆಯ ಪಕ್ಕ ಇರುಳು ಕಳೆದವರು ಚುಕ್ಕಿಗಳನ್ನು ಏನೆಂದು ಕರೆಯುತ್ತಿದ್ದರು ಎಂಬುದಕ್ಕೆ ಅಷ್ಟು ಗಮನ ಬಂದಿಲ್ಲ. ಮಧ್ಯ ಭಾರತದ ಗೊಂಡರು ಸಪ್ತರ್ಷಿ ಮಂಡಲದಲ್ಲಿ ಮಂಚವನ್ನೂ ಮೂವರು ಕಳ್ಳರನ್ನೂ ಕಾಣುತ್ತಾರೆ ಎಂಬಂಥ ವಿವರವನ್ನು ಖಗೋಳ ವಿಜ್ಞಾನಿ ಮಯಂಕ್ ವಾಹಿಯಾ ಮತ್ತಿತರರು ದಾಖಲಿಸಿದ್ದಾರೆ. ನಮ್ಮ ಹಟ್ಟಿಗಳಲ್ಲೂ ಅಂಥ ಕೆಲಸ ಆಗಬಹುದು, ಹೇಳುವ ಹಿರಿಯರು ಇರುವಷ್ಟು ದಿನ.

ಎಲ್ಲಕ್ಕಿಂತ ತೆರೆದಿರುವ ಪ್ರಶ್ನೆ ಬಂದಿರುವುದು ವಿದ್ಯುತ್ ಇಲಾಖೆಯ ಕಡೆಯಿಂದ. ಹಗಲು ಹೊತ್ತು ತ್ರೀ ಫೇಸ್ ಕೊಡಿ ಎಂಬುದು ರೈತರ ಬಹುಕಾಲದ, ನ್ಯಾಯವಾದ ಬೇಡಿಕೆ; ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ ಫೀಡರುಗಳಿಗೆ ಸೌರಶಕ್ತಿ ಜೋಡಿಸುವ ಕೆಲಸ ನಡೆದಿದೆ. ಅದು ಪೂರ್ತಿಯಾದರೆ ರಾತ್ರಿ ತೋಟದಲ್ಲಿ ಕಾಯುವ ಅಗತ್ಯ ಯಾರಿಗೂ ಇರುವುದಿಲ್ಲ. ಆಕಾಶದ ನೋಟ ದುಡಿಮೆಯ ಜೊತೆಗೇ ಬಂದದ್ದಾದರೆ ದುಡಿಮೆಯ ಜೊತೆಗೇ ಹೋಗಬೇಕು. ಹುಟ್ಟುಗುಣವಾದರೆ ಕೆಲಸವಿಲ್ಲದೆಯೂ ಜನ ತಾರಸಿಗೆ ಬಂದು ಮಖೆಯನ್ನು ಹುಡುಕಬೇಕು. ಎರಡರಲ್ಲಿ ಯಾವುದು ಎಂಬುದು ಇನ್ನು ಕೆಲವೇ ವರ್ಷಗಳಲ್ಲಿ, ನೊಣವಿನಕೆರೆ, ಹುಳಿಯಾರುಗಳಂಥ ಕಡೆ ಗೊತ್ತಾಗಲಿದೆ.